ಅಕ್ಕಸಾಲಿಗರ ಕೆಂಪು ಚಿನ್ನ

ನಮ್ಮ ಲ್ಯಾಬಿನ ವಿಜ್ಞಾನಿಗೆ ನಾವಿಟ್ಟ ಹೆಸರು ಅಕ್ಕಸಾಲಿಗರು. ಅವರ ಚಿನ್ನದ ಕಣ ಕೂದಲೆಳೆಗಿಂತ ಸಾವಿರಾರು ಪಟ್ಟು ಸಣ್ಣದು. ಔಷಧಿ ಹೊತ್ತು ನೇರ ಕ್ಯಾನ್ಸರ್ ಗಡ್ಡೆಗೇ ಹೋಗಬೇಕು. ನೀರಿನಲ್ಲಿ ಕೆಂಪಗಿದ್ದರೆ ಸರಿ, ನೀಲಿಗೆ ತಿರುಗಿದರೆ ಕಣಗಳು ಅಂಟಿಕೊಂಡು ಕೆಲಸ ಕೆಟ್ಟಿತೆಂದು ಅರ್ಥ. ಆಗ ಸೀಸೆಯನ್ನೇ ಗದರುತ್ತಾರೆ: “ಗುಂಪು ಕಟ್ಟಬೇಡ್ರಪ್ಪಾ ಅಂದ್ರೆ ಕೇಳ್ತೀರಾ?” ಕಾರಿಡಾರಿನಲ್ಲಿ ಹರಟುವ ನಮಗೂ ಅದೇ ಬೈಗುಳ. ಉಪ್ಪುಖಾರ ಹಚ್ಚಿ ಮಾತಾಡುವುದು ಅವರ ಜಾಯಮಾನವಲ್ಲ. “ಈ ಔಷಧಿ ಆಸ್ಪತ್ರೆಗೆ ಯಾವಾಗ ಬರುತ್ತೆ?” ಎಂದು ಮಂತ್ರಿಯೇ ಕೇಳಿದಾಗಲೂ, “ಸದ್ಯಕ್ಕೆ ಇಲಿವರೆಗೆ ಬಂದಿದೆ” ಎಂದಷ್ಟೇ ಹೇಳಿದ್ದರು. ಮೊನ್ನೆ ಅವರ ಅಕ್ಕ ಬಂದರು, ಚಿಕಿತ್ಸೆಯಲ್ಲಿ ಕೂದಲುದುರಿದ ತಲೆಗೆ ಸ್ಕಾರ್ಫ್ ಸುತ್ತಿಕೊಂಡು. ಕೆಂಪು ಸೀಸೆ ನೋಡಿ, “ಎಲ್ಲಿಗೆ ಬಂತೋ ಇದು?” ಎಂದರು. ಅಕ್ಕಸಾಲಿಗರು ಒರೆಸಿದ ಸೀಸೆಯನ್ನೇ ಮತ್ತೆ ಒರೆಸಿದರು. “ಇನ್ನೇನು, ಬಂದೇಬಿಡ್ತು ಅಕ್ಕಾ.”