ಬೀಗ ನೋಡಿ, ನಿದ್ದೆ ಕೊಟ್ಟವರು: ಕಾವೇರಿಬಾಯಿ

ನಡುರಾತ್ರಿ ಕಳೆದ ಮೇಲೆ ವಾರ್ಡಿನಲ್ಲಿ ‘ಕಟಕ್’ ಎಂದು ಸಣ್ಣ ಸದ್ದು. ತುಸು ಹೊತ್ತಿಗೆ ಮತ್ತೆ ಅದೇ ಸದ್ದು. ರಾತ್ರಿಯ ಸುತ್ತಿಗೆ ಬಂದ ಕಾವೇರಿಬಾಯಿಯವರಿಗೆ, ರಾತ್ರಿಪಾಳಿಯ ನರ್ಸ್ ದೇವಿಕಾ ಔಷಧ ಕಪಾಟಿನ ಬೀಗವನ್ನು ಮತ್ತೆ ಎಳೆದು ನೋಡುತ್ತಿದ್ದಾಳೆಂದು ಕಾಣದೆಯೇ ತಿಳಿಯುತ್ತಿತ್ತು. ರಾಯಚೂರಿನಲ್ಲಿ ರೋಗಿಯ ನಾಡಿ ಬಲ್ಲ ನರ್ಸುಗಳು ಅನೇಕರಿದ್ದಾರೆ. ರಾತ್ರಿಯಿಡೀ ಎಚ್ಚರವಿರುವ ನರ್ಸುಗಳ ಸ್ವಭಾವವನ್ನೂ ಅಷ್ಟೇ ಆಸ್ಥೆಯಿಂದ ಅರಿತವರು, ಈ ತಿಂಗಳು ನಿವೃತ್ತರಾಗುತ್ತಿರುವ ಈ ಶುಶ್ರೂಷಾ ಅಧೀಕ್ಷಕಿ.

ಮಾನ್ವಿಯ ಅರ್ಚಕರ ಮನೆಯ ಮಗಳಾದ ಕಾವೇರಿಬಾಯಿ ದೇವದುರ್ಗದಲ್ಲಿ ಸೇವೆ ಆರಂಭಿಸಿ ರಾಯಚೂರಿನ ಈ ಆಸ್ಪತ್ರೆಗೆ ಬಂದಾಗ, ರಾತ್ರಿಪಾಳಿ ಎಲ್ಲರಿಗೂ ಒಂದೇ ಎಂಬ ನಂಬಿಕೆ ಬೇರೂರಿತ್ತು. ಅವರು ಒಪ್ಪಲಿಲ್ಲ. ನಗುಮುಖದ ಸವಿತಾ ಬೆಳಗ್ಗೆ ದಿಂಬಿಗೆ ತಲೆಯಿಟ್ಟರೆ ಸಂಜೆಗೇ ಏಳುವವಳು. ಆದರೆ ಪಾಳಿಯುದ್ದಕ್ಕೂ ಮಿರ್ಚಿ ಭಜಿ ತಿಂದು ಎದೆಯುರಿ ತಂದುಕೊಳ್ಳುವವಳು. ದೇವಿಕಾ ಹಿತಮಿತವಾಗಿ ಉಂಡರೂ ಹಗಲು ಕಣ್ಣು ಮುಚ್ಚಲಾರಳು.

“ಮೇಡಂ, ಈಕಿ ನಿದ್ದಿ ಬಂದ್ರೂ ಬಾಗಲಾಗ ನಿಲ್ಲಿಸಿ, ಯಾರು ನೀ ಅಂತ ಎರಡು ಸಲ ಕೇಳ್ತಾಳ್ರಿ!” ಎಂದು ಸವಿತಾ ನಕ್ಕಳು.

“ನೀ ಭಜಿನ್ನ ಒಂದ್ಸಲ ಹಂಗ ಕೇಳಿದ್ರ, ಹೊಟ್ಟಿ ಉಳೀತಿತ್ತು ನಿಂದು,” ಎಂದ ಕಾವೇರಿಬಾಯಿ ಭಜಿಯ ಪೊಟ್ಟಣ ಎತ್ತಿಕೊಂಡು, ಮಜ್ಜಿಗೆ ಇಟ್ಟು ಹೋದರು.

ಒಂದು ಬೆಳಗ್ಗೆ ಪಾಳಿ ಮುಗಿಸಿ ಮಾನ್ವಿಯ ಬಸ್ಸು ಹತ್ತಿದ್ದ ದೇವಿಕಾ, ಬೀಗ ಹಾಕಿದೆನೋ ಇಲ್ಲವೋ ಎಂಬ ದಿಗಿಲಿನಿಂದ ನಡುದಾರಿಯ ಕಲ್ಲೂರಿನಲ್ಲೇ ಇಳಿದು ಮರಳಿ ಬಂದಳು. ಬೀಗ ಹಾಕಿಯೇ ಇತ್ತು.

“ನಿದ್ದಿ ಇಲ್ದ ತಲಿ ಕೆಟ್ಟದರಿ ಮೇಡಂ. ಈ ಕೆಲಸ ಬಿಟ್ಟುಬಿಡ್ತೀನಿ,” ಎಂದು ಅತ್ತಳು. ಅಷ್ಟು ಆಸೆಪಟ್ಟು ಕಲಿತ ವೃತ್ತಿ ಕೈಜಾರುವುದರಲ್ಲಿತ್ತು.

ಕಾವೇರಿಬಾಯಿಯವರು ಉಪದೇಶ ಮಾಡಲಿಲ್ಲ. ಅವಳ ಕಣ್ಣೆದುರೇ ಬೀಗ ಜಗ್ಗಿದರು. “ನಾ ನೋಡೀನಿ, ಹಾಕೇದ. ಇನ್ನ ಚಿಂತಿ ನಂದು, ನಿದ್ದಿ ನಿಂದು. ಬಾ ಯವ್ವಾ.” ತಮ್ಮ ಕೋಣೆಯಲ್ಲೇ ಅವಳನ್ನು ಮಲಗಿಸಿ ಪರದೆ ಎಳೆದರು.

ಮುಂದೆ ಅದೇ ಪದ್ಧತಿಯಾಯಿತು: ಪಾಳಿ ವಹಿಸಿಕೊಳ್ಳುವವಳು ಬೀಗ ಜಗ್ಗಿ, “ನೋಡೀನಿ” ಎಂದು ಬಾಯಿಬಿಟ್ಟು ಹೇಳಬೇಕು. ಅಳುಕಿನ ಮನದವರಿಗೆ ಸಾಲುಸಾಲು ರಾತ್ರಿಪಾಳಿಗಳನ್ನು ಹಾಕುವುದೂ ನಿಂತಿತು. ದೇವಿಕಾ ಕೆಲಸ ಬಿಡಲಿಲ್ಲ. ಇಂದು ಹೊಸಬರಿಗೆ ಕಲಿಸುತ್ತಾಳೆ. ತನ್ನ ಈ ಕಥೆಯನ್ನು ನಾವು ಬರೆಯಲು ಸಂತೋಷದಿಂದ ಒಪ್ಪಿದವಳೂ ಅವಳೇ. ಇಷ್ಟು ಜನರ ನಿದ್ದೆ ಕಾಯ್ದವರಿಗೆ ನೆಮ್ಮದಿಯ ರಾತ್ರಿಗಳೂ ದೀರ್ಘಾಯುಷ್ಯವೂ ದೊರೆಯಲಿ. ತವರೂರು ಮಾನ್ವಿಯ ಹೊಸ ನರ್ಸುಗಳಿಗೂ ಅವರ ಪಾಠ ಮುಂದುವರಿಯಲಿ.

ದೇವಿಕಾ ಬಸ್ಸಿಳಿದು ಮರಳಿ ಬಂದ ಆ ಬೆಳಗ್ಗೆ ಮಾತ್ರ ಅವರು ತಮ್ಮ ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿ ಕೂತಿದ್ದರು.

“ದೇವಿಕಾ ಯಾಕ ಮನಿಗಿ ಹೋಗಿಲ್ರಿ?” ಎಂದಳು ಸವಿತಾ.

“ಬಸ್ ತಪ್ಪಿತು. ಮೆಲ್ಲಕ ಮಾತಾಡು.”

ಒಳಗೆ ಉಸಿರು ನಿಧಾನವಾಗಿತ್ತು. ಕಲ್ಲೂರಿನ ಮಾತು ತಮ್ಮಿಂದ ಯಾರ ಕಿವಿಗೂ ಬೀಳಕೂಡದೆಂದು ಕಾವೇರಿಬಾಯಿ ನಿಶ್ಚಯಿಸಿದರು.