ಊದುಮಾವನ ಉಂಗುರ

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದು ಇದ್ದೀತು, ಆದರೆ ಬೀದಿಯಲ್ಲಿ ಅದನ್ನು ಬಳಸಿದವರಿಲ್ಲ. ಗಾಜು ಊದುವವನು, ಆದ್ದರಿಂದ ಊದುಮಾವ. ಪ್ರಯೋಗಾಲಯಗಳಿಗೆ ಗಾಜಿನ ಬುರುಡೆ, ನಳಿಕೆ ಮಾಡಿಕೊಡುವುದು ಅವನ ಕಸುಬು. ಜನರನ್ನು ಪೇಚಿಗೆ ಸಿಕ್ಕಿಸುವುದು ಅವನ ಚಟ. ಮದುವೆಯಾದ ಹೊಸದರಲ್ಲಿ ಹೆಣ್ಣು ಕೊಟ್ಟ ಮಾವನಿಗೆ ಹೂಬಳ್ಳಿ ಕೆತ್ತಿದ ಗಾಜಿನ ಲೋಟವೊಂದನ್ನು ಭಾರಿ ವಿನಯದಿಂದ ಕೊಟ್ಟಿದ್ದ. ಹೂವಿನೊಳಗೆ ಕಣ್ಣಿಗೆ ಕಾಣದ ತೂತು. ನೀರು ಕುಡಿದಾಗಲೆಲ್ಲ ಅಂಗಿ ಒದ್ದೆಯಾಗಿ, ತಮ್ಮ ತುಟಿಗೇ ಮುಪ್ಪು ಬಂತೆಂದು ಆ ಹಿರಿಯರು ಕೊರಗುತ್ತಿದ್ದರಂತೆ. ನಿಜ ತಿಳಿದ ಮೇಲೆ ಬಹಳ ಕಾಲ ಅಳಿಯನೊಂದಿಗೆ ಮಾತು ಬಿಟ್ಟರು.

ಇಂಥವನ ಉಸಿರು ಈಚೆಗೆ ಕೈಕೊಟ್ಟಿತ್ತು. ಮೆಟ್ಟಿಲು ಹತ್ತಿದರೆ ಎದೆ ಸೀಟಿ ಹೊಡೆಯುತ್ತಿತ್ತು. ಊದುವುದನ್ನು ನಿಲ್ಲಿಸಿ ಎಂದು ಡಾಕ್ಟರು ಹೇಳಿದ್ದರು. ಊದುವ ಕೊಳವೆ ಮಗಳ ಕೈಗೆ ಕೊಡಿ ಎಂದು ಹೆಂಡತಿ ದಿನಾ ಹೇಳುತ್ತಿದ್ದಳು. ಮಗಳು ಗಾಜು ಕತ್ತರಿಸಬಲ್ಲಳು, ಬೆಸೆಯಬಲ್ಲಳು, ಬಿರುಕು ಬಿಡದ ಹಾಗೆ ಒಲೆಯಲ್ಲಿಟ್ಟು ನಿಧಾನಕ್ಕೆ ಆರಿಸಬಲ್ಲಳು. ಚಿಕ್ಕಪುಟ್ಟ ನಳಿಕೆ ಊದಿದ್ದೂ ಉಂಟು. ಆದರೆ ದೊಡ್ಡ ಬುರುಡೆ ಊದುವ ಆ ಕಬ್ಬಿಣದ ಕೊಳವೆ ಮಾತ್ರ ಗೋಡೆಯ ಮೊಳೆಯಿಂದ ಇಳಿದರೆ ಅಪ್ಪನ ಬಾಯಿಗೇ.

ಹೀಗಿರುವಾಗ ತಾರಾಲಯದ ಮೇಡಂ ಒಂದು ಚಿತ್ರ ಹಿಡಿದು ಬಂದರು. ಕಪ್ಪಿನ ನಡುವೆ ಬಣ್ಣದ ಬಳೆ: ಹೊರ ಅಂಚು ಕೆಂಪು, ಒಳ ಅಂಚು ಹಸಿರು, ಬಳೆಯೊಳಗೆ ತಿಳಿನೀಲಿ ಮಬ್ಬು, ನಟ್ಟನಡುವೆ ಬಿಳಿ ಚುಕ್ಕೆ.

"ಇದಕ್ಕೆ ಗ್ರಹೀಯ ನೀಹಾರಿಕೆ ಅಂತಾರೆ. ಮುದಿಯಾದ ನಕ್ಷತ್ರ ತನ್ನ ಮೈಯ ಅನಿಲಾನ ಹೊರಕ್ಕೆ ಊದಿಬಿಡುತ್ತೆ. ಗಾಜಲ್ಲಿ ಮಾಡಿಕೊಡ್ತೀರಾ?"

"ಇದರಲ್ಲಿ ಗ್ರಹ ಎಲ್ಲಿದೆ?"

"ಗ್ರಹ ಇಲ್ಲ. ಹಿಂದಿನೋರ ದೂರದರ್ಶಕದಲ್ಲಿ ಗುಂಡಗೆ ಗ್ರಹದ ಥರ ಕಾಣ್ತು, ಹೆಸರು ಹಾಗೇ ಉಳೀತು."

ತನ್ನ ಹಾಗೇ ಊದುವ ಮುದಿ ನಕ್ಷತ್ರದ ಕತೆ ಕೇಳಿ ಮಾವ ಉಬ್ಬಿಹೋದ. ಮೇಡಂ ಇನ್ನೂ ವಿವರಿಸುತ್ತಿದ್ದರೆ, "ಚಿತ್ರ ಇದ್ಯಲ್ಲ, ಸಾಕು ಬಿಡಿ" ಎಂದ. ಮತ್ತೆ ಊದೋದಾ ಎಂದು ಹೆಂಡತಿ ಬಾಗಿಲಲ್ಲಿ ಗೊಣಗಿದಳು. ಅವನು ಬೀಗುತ್ತಾ, "ಮೇಡಂ ಇದರಲ್ಲಿ ತಪ್ಪು ತೆಗೆದ್ರೆ ಕೊಳವೆ ಮಗಳಿಗೇ, ಆಯ್ತಾ?" ಎಂದುಬಿಟ್ಟ.

ಬಣ್ಣದ ನಳಿಕೆ ಬಗ್ಗಿಸಿ, ತುದಿಗೆ ತುದಿ ಬೆಸೆದು, ಸೊಗಸಾದ ಉಂಗುರ ಮಾಡಿದ.

"ಅಪ್ಪ, ಊದಿದ್ದು ಎಲ್ಲಾದ್ರೂ ಬಳೆ ಆಗುತ್ತಾ? ಬುರುಡೆ ಆಗ್ಬೇಕಲ್ವಾ?" ಮಗಳು ಕೇಳಿದಳು.

"ಚಿತ್ರ ನೋಡೇ. ಬುರುಡೆ ಕಾಣುತ್ತಾ?"

ಕಾಣುತ್ತಿರಲಿಲ್ಲ.

ಮೇಡಂ ಬಂದವರು ಉಂಗುರವನ್ನು ತಿರುಗಿಸಿ ನೋಡಿ, ಒಡಕು ಸಾಮಾನಿನ ಕಪಾಟಿನಿಂದ ತೆಳುವಾದ ಬುರುಡೆಯೊಂದನ್ನು ತೆಗೆದು ಕಿಟಕಿಗೆ ಹಿಡಿದರು.

"ಮಧ್ಯ ಏನು ಕಾಣುತ್ತೆ?"

"ಏನೂ ಇಲ್ಲ, ಆಚೆ ಬೀದಿ ಕಾಣುತ್ತೆ" ಎಂದ ಮಾವ.

"ಅಂಚಲ್ಲಿ?"

ಅಂಚಿನಲ್ಲಿ ದಟ್ಟವಾದ ಗೆರೆ, ಥೇಟ್ ಉಂಗುರ.

"ಮಧ್ಯದಲ್ಲಿ ನಮ್ಮ ನೋಟ ತೆಳು ಗಾಜು ದಾಟಿ ಹೋಗುತ್ತೆ. ಅಂಚಲ್ಲಿ ಗಾಜಿನ ಉದ್ದಕ್ಕೂ ಹೋಗ್ಬೇಕು, ಅದಕ್ಕೇ ದಟ್ಟ. ನೀಹಾರಿಕೇನೂ ಹೀಗೇ, ಟೊಳ್ಳು."

ಜೀವಮಾನವೆಲ್ಲ ಬುರುಡೆ ಊದಿದವನು ತಲೆ ಕೆರೆದುಕೊಂಡ. "ಗ್ರಹ ಅಂತ ಹೆಸರಿಟ್ಟೋರೂ ಮೋಸ ಹೋಗಿದ್ರಲ್ಲ. ನಾನೊಬ್ಬನೇನಾ?"

"ಇನ್ನೊಂದಿದೆ. ನಕ್ಷತ್ರ ಮೊದಲು ನಿಧಾನಕ್ಕೆ ಊದುತ್ತೆ. ಆಮೇಲೆ ಅದರ ಬಿಸಿ ತಿರುಳು ಬಿರುಸಾಗಿ ಊದಿ, ಮೊದಲಿನದನ್ನ ಒಳಗಿಂದ ತಳ್ಳುತ್ತೆ. ಹಾಗಾಗಿ ಎರಡು ಪದರ ಬೇಕು."

ಮೇಡಂ ಹೋದದ್ದೇ ತಡ, ಹೆಂಡತಿ ಕೈ ಚಾಚಿದಳು. "ಎಲ್ಲಿ ರೀ, ಕೊಳವೆ?"

ಮಾವ ಒಳಗೆ ಹೋಗಿ ಬಟ್ಟೆ ಸುತ್ತಿದ ಕೊಳವೆಯೊಂದನ್ನು ತಂದು ಮಗಳ ಕೈಗಿತ್ತು ಕಣ್ಣೊರೆಸಿಕೊಂಡ. ಮಗಳು ಅದನ್ನು ಬೆಳಕಿಗೆ ಹಿಡಿದು ಕಣ್ಣಿಟ್ಟಳು. ತುದಿಯಲ್ಲಿ ಗಾಜು ಗಟ್ಟಿಯಾಗಿ ಕೂತು ತೂತು ಮುಚ್ಚಿತ್ತು. ಅದನ್ನು ಮೂಲೆಗೊರಗಿಸಿ, ಮೊಳೆಯ ಮೇಲಿದ್ದ ಅಸಲಿ ಕೊಳವೆ ಇಳಿಸಿಕೊಂಡಳು.

"ಪರೀಕ್ಷೆ ಮಾಡ್ದೆ ಕಣೇ" ಎಂದ. ಆಮೇಲೆ ದನಿ ಇಳಿಸಿ, "ಹೊರಗಿನ ಪದರ ನಿಧಾನದ್ದಂತಲ್ಲ. ಅದೊಂದು ನಂಗೆ ಬಿಡು."

ಕೊಟ್ಟಳು. ಮಾವ ಊದಿದ, ನಿಧಾನವಾಗಿ. ಬೇರೆ ವೇಗ ಅವನ ಎದೆಯಲ್ಲಿ ಉಳಿದಿರಲಿಲ್ಲ. ಬುರುಡೆ ಹಿಗ್ಗಿತು, ದೊಡ್ಡದಾಯಿತು, ಒಂದು ಕಡೆ ಸ್ವಲ್ಪ ಸೊಟ್ಟಗಾಯಿತು. ಕೆಮ್ಮು ಬಂತು. ಹೆಂಡತಿ ಬುರುಡೆಯನ್ನು ಕೊಳವೆಯಿಂದ ಬಿಡಿಸಿ ಕಬ್ಬಿಣದ ಸರಳಿನ ತುದಿಗೆ ಅಂಟಿಸಿಕೊಂಡು ಕುಲುಮೆಯ ಬಾಯಲ್ಲಿ ತಿರುಗಿಸುತ್ತಾ ಬಿಸಿ ಉಳಿಸಿದಳು. ಮಗಳು ಕೊಳವೆಗೆ ಹೊಸ ಗಾಜು ಅಂಟಿಸಿ, ಬುರುಡೆಯ ತೆರೆದ ಕಂಠದೊಳಗೆ ಇಳಿಸಿ, ಬಿರುಸಾಗಿ ಊದಿದಳು. ಹೊರಗಿನದಕ್ಕೆ ತಗುಲಿದರೆ ಎರಡೂ ಕೆಟ್ಟಂತೆ. ಒಳಬುರುಡೆ ಉಬ್ಬಿ ಉಬ್ಬಿ, ಒಂದು ಬೆರಳಿನಷ್ಟು ಸಂದಿ ಬಿಟ್ಟು ನಿಂತಿತು. ಮಾವ ತಾನೂ ಉಸಿರು ಬಿಗಿಹಿಡಿದಿದ್ದವನು ಆಗ ಬಿಟ್ಟ.

ಗಾಜು ಆರಿದ ಮೇಲೆ, ತೆಳು ಕಡ್ಡಿಯ ತುದಿಗೆ ಬಿಳಿ ಮಣಿ ಕೂಡಿಸಿ ಅವನೇ ನಡುವೆ ನಿಲ್ಲಿಸಿದ.

ಮೇಡಂ ಮತ್ತೆ ಬಂದಾಗ ಅದರ ಸುತ್ತ ತಿರುಗಿ ನೋಡಿದರು. "ಸೊಟ್ಟ ಇರೋದು ಒಳ್ಳೇದೇ ಆಯ್ತು. ನಿಜವಾದವೂ ಎಷ್ಟೋ ಹೀಗೇ ಇರುತ್ವೆ."

"ಬೇಕೂಂತಲೇ ಮಾಡಿದ್ದು" ಎಂದ ಮಾವ, ರೆಪ್ಪೆಯೂ ಅಲುಗದೆ. "ಈ ಮಣಿ ಏನಾಗುತ್ತೆ ಕೊನೆಗೆ?"

"ನಕ್ಷತ್ರದಲ್ಲಿ ಉಳಿದಿದ್ದು ಅದು. ಯುಗಗಟ್ಟಲೆ ಕೂತು ತಣ್ಣಗಾಗುತ್ತೆ."

"ಅಷ್ಟು ಕಾಲ ಇವರ ಬಾಯಿ ಯಾರು ತಡ್ಕೊಳ್ಳೋದು?" ಎಂದಳು ಹೆಂಡತಿ.

ಮಗಳು ಅಪ್ಪನಿಗೆ ನೀರು ತಂದುಕೊಟ್ಟಳು. ತಾನೇ ಊದಿ, ಹೂಬಳ್ಳಿ ಕೆತ್ತಿದ ಹೊಸ ಲೋಟ. ಮಾವ ಹೆಮ್ಮೆಯಿಂದ ತುಟಿಗಿಟ್ಟ. ಅಂಗಿಯ ಎದೆ ಒದ್ದೆಯಾಯಿತು. ಗಲ್ಲ ಒರೆಸಿಕೊಂಡು ಇನ್ನೊಂದು ಗುಟುಕು ಕುಡಿದ, ಇನ್ನಷ್ಟು ಒದ್ದೆ. ಲೋಟವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದ.

"ಎಲ್ಲಿಟ್ಟಿದ್ದೀಯೇ?"

"ಎಲೆ ಕೆಳಗೆ."

"ನಾನು ಹೂವಲ್ಲಿ ಇಟ್ಟಿದ್ದೆ. ಎಲೆ ಕೆಳಗೇ ವಾಸಿ." ಆಚೆ ಮೂಲೆಯಲ್ಲಿ ಮೇಡಂ ಬಾಗಿ ನೀಹಾರಿಕೆಯನ್ನು ಹತ್ತಿ ತುಂಬಿದ ಪೆಟ್ಟಿಗೆಗೆ ಇಳಿಸುತ್ತಿದ್ದರು. ಮಾವ ಮಗಳ ಕಿವಿಯ ಬಳಿ ಬಾಗಿದ.

"ಇಂಥದ್ದು ಇನ್ನೊಂದಿದ್ಯಾ? ಪಾಪ, ಮೇಡಂಗೂ ಬಾಯಾರಿರುತ್ತೆ."