ಗೌರವ್ವನ ಆಂಟೆನಾಕ್ಕೆ ಕಟ್ಟಿದ ವೈರು

ಶಂಕ್ರವ್ವ, ನಿನ್ನ ಅತ್ತೆ ಗೌರವ್ವನ ಆಂಟೆನಾಕ್ಕೆ ಕದ್ದು ವೈರು ಕಟ್ಟಿದವಳು ನಾನೇ. ಎರಡು ವರ್ಷ ನಿಮ್ಮ ಮನೆಯ ಕಂಬದಿಂದ ನಮ್ಮ ಮನೆಯಲ್ಲಿ ಟಿ.ವಿ. ನೋಡಿದೆ. ಅದಕ್ಕೆ ನನಗೆ ಅಂದೂ ನಾಚಿಕೆಯಾಗಲಿಲ್ಲ, ಇಂದೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಹೇಳುವಾಗ ನಾನು ಸಾಧ್ವಿಯಂತೆ ಕಾಣಬಾರದು.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕೊಪ್ಪಳದ ನಮ್ಮ ಓಣಿಯಲ್ಲಿ ಕೇಬಲ್ ಎಂಬ ಮಾತನ್ನೇ ಯಾರೂ ಕೇಳಿರಲಿಲ್ಲ, ಆಂಟೆನಾಕ್ಕೆ ಸಿಕ್ಕಿದ್ದೇ ಚಿತ್ರ. ಮೊದಲ ಟಿ.ವಿ. ನಿಮ್ಮ ಮನೆಗೆ ಬಂತು. ಆ ದಿನ ನಿನ್ನ ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿ ಕರೆದಳು. ಮರುವಾರ ಸಿನಿಮಾದ ಹೊತ್ತಿಗೆ ಹೋದರೆ ಬಾಗಿಲಲ್ಲೇ ನಿಂತು, "ದಿನಾ ಬರಾಕ ಇದೇನು ಟೆಂಟ್ ಟಾಕೀಸ್ ಐತೇನ್ರಿ?" ಅಂದಳು. ನನ್ನ ಹಿಂದೆ ಐದಾರು ಹೆಂಗಸರಿದ್ದರು. ಎಲ್ಲರೂ ತಿರುಗಿ ಬಂದೆವು. ನನಗಂತೂ ಮೈಯೆಲ್ಲ ಉರಿಯಿತು.

ಹಟ ಹಿಡಿದು ನಮ್ಮವರಿಂದ ಒಂದು ಹಳೆಯ ಸೆಟ್ಟು ತರಿಸಿದೆ. ಆದರೆ ನಮ್ಮದು ಬಾಡಿಗೆ ಮನೆ — ಮಣ್ಣಿನ ಮಾಳಿಗೆಯಲ್ಲಿ ಕಂಬ ನೆಟ್ಟರೆ ಸೋರುತ್ತದೆಂದು ಮಾಲೀಕ ಬಿಡಲಿಲ್ಲ. ಎರಡೂ ಮನೆಗಳ ಮಾಳಿಗೆಗೆ ಒಂದೇ ಗೋಡೆ. ಒಂದು ಮಧ್ಯಾಹ್ನ ವೈರಿನ ತುದಿ ಸುಲಿದು ನಿಮ್ಮ ಆಂಟೆನಾಕ್ಕೆ ಸುತ್ತಿದೆ, ಉಳಿದದ್ದನ್ನು ಮಾಳಿಗೆಯ ಮೇಲೆ ನೀವು ಒಟ್ಟಿದ್ದ ತೊಗರಿ ಕಟ್ಟಿಗೆಯ ಅಡಿಯಲ್ಲಿ ಹಾಯಿಸಿದೆ. ಆಕಾಶದಲ್ಲಿ ಬರುವುದಕ್ಕೆ ಯಾರಪ್ಪನ ಅಪ್ಪಣೆ ಬೇಕು? ಆ ಐದಾರು ಹೆಂಗಸರನ್ನೂ ಕರೆದು ಚಾಪೆ ಹಾಸಿ ಕೂರಿಸಿದೆ. ಈಗಲೂ ಹಾಗೆಯೇ ಮಾಡುತ್ತೇನೆ.

ಆದರೆ ನಿಮ್ಮ ಟಿ.ವಿ.ಯಲ್ಲಿ ಚಿತ್ರ ಮಸುಕಾಯಿತು. ಬರೀ ಚುಕ್ಕಿ, ಬರೀ ಸದ್ದು.

ಹುಲಿಹೈದರದಿಂದ ಮದುವೆಯಾಗಿ ಬಂದು ನಿನಗಿನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ನಿನಗೆ ಉಸಿರಾಡಲು ಇದ್ದ ಜಾಗ ಆ ಮಾಳಿಗೆಯೊಂದೇ. ಮೆಣಸಿನಕಾಯಿ ಒಣಹಾಕುವ ನೆಪದಲ್ಲಿ ನೀನು ಹತ್ತಿ ಬರುತ್ತಿದ್ದೆ, ನಾನು ಇದ್ದಿಲಿನಿಂದ ಗೋಡೆಯ ಮೇಲೆ ಅಕ್ಷರ ಬರೆದು ಕಲಿಸುತ್ತಿದ್ದೆ. "ಅವ್ವಗ ನನ್ನ ಕೈಲೇನ ಒಂದು ಕಾಗದ ಬರೀಬೇಕ್ರಿ ಅಕ್ಕಾರ," ಎನ್ನುತ್ತಿದ್ದೆ. ಎರಡು ತಿಂಗಳಲ್ಲಿ ‘ಮ’ದವರೆಗೆ ಬಂದಿದ್ದೆ. ಎಷ್ಟು ಚುರುಕಿದ್ದೆ ನೀನು.

ಆ ದಿನ ಗೌರವ್ವ ಅಂಗಳದಲ್ಲಿ ನಿಂತು ಕೂಗಿದಳು, "ಒದ್ದಿ ಸೀರಿ ಆಂಟೆನಾದ ಮ್ಯಾಲ ಹಾಕಿ ಟಿ.ವಿ. ಕೆಡಿಸ್ಯಾಳ ಇಕಿ. ಇನ್ನ ಮ್ಯಾಲ ಮಾಳಗಿ ಹತ್ತಿದ್ರ ಕಾಲು ಮುರೀತೀನಿ."

ಒದ್ದೆ ಸೀರೆಗೆ ಚಿತ್ರ ಕೆಡುತ್ತದೆಂದು ಓಣಿಗೆ ಓಣಿಯೇ ನಂಬಿತ್ತು. ನೀನು ಒಮ್ಮೆಯೂ ಹಾಗೆ ಹಾಕಿದವಳಲ್ಲ. ಅಂಗಳದ ಗೋಡೆಯಾಚೆ ನಿಂತಿದ್ದ ನನ್ನ ಕಡೆ ತಿರುಗಿ ಕೇಳಿದೆ, "ಅಕ್ಕಾರ, ನೀವು ದಿನಾ ನೋಡ್ತೀರಲ್ರಿ. ನಾ ಸೀರಿ ಹಾಕಿಲ್ಲಂತ ಒಂದ್ ಮಾತು ಹೇಳ್ರಿ."

ಹೇಳಿದ್ದರೆ — ಹಾಗಾದರೆ ಯಾಕೆ ಕೆಟ್ಟಿತು ಎಂದು ಯಾರಾದರೂ ಮೇಲೆ ಹತ್ತುತ್ತಿದ್ದರು.

"ನಾ ನೋಡಿಲ್ಲವ್ವಾ," ಅಂದೆ.

ಅಂದೇ ನಿಮ್ಮ ಮಾಳಿಗೆಗಿದ್ದ ನಿಚ್ಚಣಿಕೆ ತೆಗೆದರು. ಮುಂದೆ ನಿನ್ನ ಗಂಡ ಟಿ.ವಿ.ಯ ಹಿಂದೆ ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಹಾಕಿಸಿದ, ಚಿತ್ರ ಸರಿಯಾಯಿತು. ನಿಚ್ಚಣಿಕೆ ಮಾತ್ರ ಮರಳಿ ಬರಲಿಲ್ಲ. ನಾವು ಮನೆ ಬಿಡುವವರೆಗೂ ನಾನು ಟಿ.ವಿ. ನೋಡಿದೆ, ಗೋಡೆಯ ಮೇಲಿನ ‘ಮ’ ನೋಡಲಾರದೆ ಮಾಳಿಗೆ ಹತ್ತುವುದನ್ನೇ ಬಿಟ್ಟೆ.

ಹೋದ ವಾರ ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ತಲೆ ನೆರೆತ ಹೆಂಗಸೊಬ್ಬಳು, "ಆ ಬೋರ್ಡಿನ್ಯಾಗ ಏನ ಬರದೈತಿ, ಓದಿ ಹೇಳ್ರಿ ಅಕ್ಕಾರ," ಅಂದಳು. ದನಿಯಿಂದ ಗುರುತು ಹತ್ತಿತು, ಅದು ನೀನೇ. ನಿನಗೂ ಹತ್ತಿತು. ನಾನು ತಡವರಿಸುತ್ತಾ ವೈರಿನ ಮಾತು ತೆಗೆಯುವಷ್ಟರಲ್ಲಿ ನೀನೇ ನಕ್ಕೆ.

"ನಂಗ ಗೊತ್ತಿತ್ತರಿ. ನಿಚ್ಚಣಿಕಿ ತಗಿಯೂಕಿಂತ ಮೊದ್ಲ, ತೊಗರಿ ಕಟಗಿ ತಗಿಯಾಗ ನೋಡಿದ್ದೆ."

"ಮತ್ತ ಯಾಕ ಹೇಳಲಿಲ್ಲವ್ವಾ?"

"ಹೇಳಿದ್ರ ನಿಮ್ಮ ಮನಿ ಟಿ.ವಿ. ಬಂದ್ ಅಕ್ಕಿತ್ತು. ಅಷ್ಟು ಮಂದಿ ಕುಂತು ನೋಡ್ತಿದ್ರಿ," ಅಂದು ನೀನು ಬಸ್ಸು ಹತ್ತಿದೆ.

ಕದ್ದದ್ದಕ್ಕೆ ನಾನು ತಲೆ ತಗ್ಗಿಸುವುದಿಲ್ಲ, ಶಂಕ್ರವ್ವ. ‘ನಾ ನೋಡಿಲ್ಲ’ ಎಂದ ಆ ಎರಡು ಶಬ್ದಕ್ಕೆ ತಗ್ಗಿಸುತ್ತೇನೆ. ಹೆದರಿದ್ದೆ ಎಂದೂ ಹೇಳುವುದಿಲ್ಲ — ನನಗೆ ಟಿ.ವಿ. ಬೇಕಾಗಿತ್ತು, ಅಷ್ಟೇ. ಇದನ್ನು ಅಂಚೆಯಲ್ಲಿ ಕಳಿಸೋಣವೆಂದು ಬರೆಯಲು ಕೂತವಳು ನಾನು. ಕಳಿಸಿದರೆ ನೀನು ಮತ್ತೊಬ್ಬರ ಮುಂದೆ ಹಿಡಿದು, ಓದಿ ಹೇಳ್ರಿ ಎನ್ನಬೇಕು. ಹಾಗಾಗಿ ನಾನೇ ನಿಮ್ಮ ಮನೆಗೆ ಬರುತ್ತೇನೆ. ನಿನ್ನ ಗಂಡ, ಮಕ್ಕಳು, ಸೊಸೆ ಎಲ್ಲರೂ ಕೂತಿರುವಾಗ, ಗಟ್ಟಿಯಾಗಿ ಓದುತ್ತೇನೆ.